ಉಪ್ಪುನೀರಿನ ಮೀನು ಮಂಕಾದಾಗ: ಔಷಧಿ ಸುರಿಯುವ ಮುಂಚೆ ನೋಡಬೇಕಾದ್ದು

ನನ್ನ ಫೋನಿಗೆ ಬರುವ ಮೀನಿನ ಫೋಟೋಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ನೀಲಿ ಲೈಟಿನಲ್ಲಿ ತೆಗೆದ ಮಸುಕು ಚಿತ್ರ, ಅದರ ಕೆಳಗೆ ಒಂದು ಸಾಲು: "ಅಣ್ಣಾ, ಮೈ ಮೇಲೆ ಬಿಳಿ ಚುಕ್ಕೆ ಬಂದಿದೆ, ಯಾವ ಔಷಧಿ ಹಾಕ್ಲಿ?" ಫೋಟೋ ಸಾಲದು, ಅರ್ಧ ನಿಮಿಷದ ವಿಡಿಯೋ ಕಳಿಸಿ ಅನ್ನುತ್ತೇನೆ. ಮೀನು ಹೇಗೆ ಉಸಿರಾಡುತ್ತಿದೆ ಅಂತ ನನಗೆ ಕಾಣಬೇಕು. ಚುಕ್ಕೆ ನೋಡಿ ರೋಗದ ಹೆಸರು ಗೊತ್ತಾಗಬಹುದು, ಆಗದೆಯೂ ಇರಬಹುದು. ಆದರೆ ಕೈಯಲ್ಲಿ ಎಷ್ಟು ಹೊತ್ತಿದೆ ಅನ್ನುವುದು ಉಸಿರಿನಿಂದಲೇ ತಿಳಿಯುತ್ತದೆ. ಕೆಲವು ರೋಗಗಳಲ್ಲಿ ಯೋಚಿಸೋಕೆ ಒಂದು ವಾರ ಸಿಗುತ್ತದೆ. ಕೆಲವದರಲ್ಲಿ ಇವತ್ತು ರಾತ್ರಿಯೊಳಗೆ ಏನಾದರೂ ಮಾಡಬೇಕು.

ಬೆಂಗಳೂರಿನಲ್ಲಿ ಮೆರೈನ್ ಟ್ಯಾಂಕ್ ಇಟ್ಟವರಿಗಾಗಿ ಇದನ್ನು ಬರೆದಿದ್ದೇನೆ. ಕ್ಲೌನ್, ಡ್ಯಾಮ್ಸೆಲ್, ಟ್ಯಾಂಗ್, ಏಂಜೆಲ್ ಇಂಥ ಮೀನುಗಳಿಗೆ ಹೊಂದುವ ಅಳತೆಗಳು ಇವು. ಗೋಲ್ಡ್‌ಫಿಶ್ ಸಾಕಿದವರು ಇದನ್ನು ಅನುಸರಿಸಬೇಡಿ.

ಮೊದಲ ಹತ್ತು ನಿಮಿಷ

ಟ್ಯಾಂಕಿನ ಮುಂದೆ ಕುರ್ಚಿ ಹಾಕಿಕೊಂಡು ಸುಮ್ನೆ ಕೂತುಕೊಳ್ಳಿ. ನೀರಿಗೆ ಕೈ ಹಾಕಬೇಡಿ, ಬಲೆ ಹಿಡಿದು ಮೀನನ್ನು ಅಟ್ಟಾಡಿಸಬೇಡಿ. ಹೆದರಿದ ಮೀನು ಹೇಗಿದ್ದರೂ ಜೋರಾಗಿ ಉಸಿರಾಡುತ್ತದೆ, ಆ ಲೆಕ್ಕ ಉಪಯೋಗಕ್ಕೆ ಬರುವುದಿಲ್ಲ.

ಅದು ಸುಧಾರಿಸಿಕೊಂಡ ಮೇಲೆ ಒಂದು ನಿಮಿಷದಲ್ಲಿ ಕಿವಿರಿನ ಮುಚ್ಚಳ ಎಷ್ಟು ಸಲ ಬಡಿಯುತ್ತದೆ ಎಣಿಸಿ. ಎಲ್ಲ ಮೀನಿಗೂ ಹೊಂದುವ ಒಂದು ಸಂಖ್ಯೆ ಇಲ್ಲ. ಸಣ್ಣ ಮೀನು ಬೇಗ ಬೇಗ ಉಸಿರಾಡುತ್ತದೆ, ದೊಡ್ಡದು ನಿಧಾನ. ಹಾಗಾಗಿ ಅದೇ ಮೀನು ಆರೋಗ್ಯವಾಗಿದ್ದಾಗ ಎಷ್ಟಿತ್ತು ಅನ್ನುವುದರ ಜೊತೆ ಹೋಲಿಸಿ. ಮೀನು ಚೆನ್ನಾಗಿರುವಾಗಲೇ ಒಂದು ವಿಡಿಯೋ ತೆಗೆದಿಟ್ಟುಕೊಂಡಿದ್ದರೆ ಈಗ ಕೆಲಸ ಸುಲಭ. ಇಲ್ಲದಿದ್ದರೆ ಅದೇ ಜಾತಿಯ ಇನ್ನೊಂದು ಮೀನು ಟ್ಯಾಂಕಿನಲ್ಲಿದ್ದರೆ ಅದನ್ನು ಎಣಿಸಿ. ಮಾಮೂಲಿಗಿಂತ ಎರಡು ಪಟ್ಟು ಹತ್ತಿರ ಬಂದಿದ್ದರೆ ನಾಳೆಗೆ ಮುಂದೂಡಬೇಡಿ.

ಎರಡು ಕಡೆಯ ಕಿವಿರೂ ಆಡುತ್ತಿವೆಯಾ? ಒಂದು ಕಡೆ ಮುಚ್ಚಿಕೊಂಡು ಇನ್ನೊಂದೇ ಕೆಲಸ ಮಾಡುತ್ತಿದ್ದರೆ ಕಿವಿರೊಳಗೆ ಪರಾವಲಂಬಿ ಕೂತಿರುವ ಅನುಮಾನ ಪಡಬೇಕು. ಮೀನು ಎಲ್ಲಿ ನಿಂತಿದೆ ಅಂತಲೂ ಗಮನಿಸಿ. ನೀರಿನ ಮೇಲ್ಭಾಗಕ್ಕೆ ಬಂದು ಬಾಯಿ ಬಿಡುತ್ತಿದೆಯಾ, ಪವರ್‌ಹೆಡ್ಡಿನ (ನೀರು ತಳ್ಳುವ ಪಂಪಿನ) ರಭಸಕ್ಕೆ ಮುಖ ಕೊಟ್ಟು ನಿಂತಿದೆಯಾ, ಬೆಳಕು ತಪ್ಪಿಸಿ ಕಲ್ಲಿನ ಸಂದಿ ಸೇರಿದೆಯಾ. ಆಮೇಲೆ ಟ್ಯಾಂಕಿನ ನೀಲಿ ಲೈಟ್ ಆರಿಸಿ, ಫೋನಿನ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಬಿಡಿ. ನೀಲಿ ಬೆಳಕಿನಲ್ಲಿ ಕಾಣದ ತೆಳು ಧೂಳು ಹೀಗೆ ಮಾಡಿದಾಗ ಕಾಣುತ್ತದೆ.

ಕೊನೆಯದಾಗಿ, ಎಷ್ಟು ಮೀನಿಗೆ ತೊಂದರೆ? ಸೀಗಡಿ, ಬಸವನಹುಳು ಹೇಗಿವೆ? ಮುಂದಿನ ದಾರಿ ಕವಲೊಡೆಯುವುದು ಈ ಪ್ರಶ್ನೆಯಲ್ಲಿ. ನಿನ್ನೆ ರಾತ್ರಿ ಚೆನ್ನಾಗಿದ್ದ ಮೀನುಗಳೆಲ್ಲ ಬೆಳಗ್ಗೆ ಒಟ್ಟಿಗೆ ಏದುಸಿರು ಬಿಡುತ್ತಿದ್ದರೆ ನೀರನ್ನು ಅನುಮಾನಿಸಿ. ಸೀಗಡಿಯೂ ಮಗುಚಿ ಬಿದ್ದಿದ್ದರೆ ಇನ್ನೂ ಗಟ್ಟಿಯಾಗಿ ಅನುಮಾನಿಸಿ. ಇತ್ತೀಚೆಗೆ ತಂದ ಮೀನಿನಿಂದ ಶುರುವಾಗಿ ದಿನಕ್ಕೊಂದರಂತೆ ಹಬ್ಬುತ್ತಿದ್ದರೆ ರೋಗ. ಒಂದೇ ಮೀನು ಮೂಲೆ ಸೇರಿ, ರೆಕ್ಕೆ ಹರಿದಿದ್ದರೆ ಅದನ್ನು ಯಾರೋ ಹೊಡೆಯುತ್ತಿದ್ದಾರೆ. ಡ್ಯಾಮ್ಸೆಲ್ ಇರುವ ಟ್ಯಾಂಕಿನಲ್ಲಿ ಆರೋಪಿಯನ್ನು ಹುಡುಕುವ ಕಷ್ಟವೂ ಇಲ್ಲ.

ನೀರಿನ ತಪ್ಪಾ?

ಬೆಂಗಳೂರಿನ ಟ್ಯಾಂಕಿಗೆ ಹುಟ್ಟಿನಿಂದಲೇ ಒಂದು ಕೊರತೆ ಇದೆ, ಅದರ ಬಗ್ಗೆ ಯಾರೂ ಮಾತಾಡುವುದಿಲ್ಲ. ನಮ್ಮ ಊರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಗಾಳಿಯ ಒತ್ತಡ ಕಡಿಮೆ, ಆದ್ದರಿಂದ ನೀರಿನಲ್ಲಿ ಕರಗುವ ಆಮ್ಲಜನಕವೂ ಕಡಿಮೆ. ಚೆನ್ನೈಯ ಟ್ಯಾಂಕಿಗೆ ಹೋಲಿಸಿದರೆ ಸುಮಾರು ಶೇಕಡಾ 10ರಷ್ಟು ಕಡಿಮೆ. ಉಪ್ಪುನೀರು ಸಿಹಿನೀರಿಗಿಂತ ಐದನೇ ಒಂದು ಪಾಲು ಕಡಿಮೆ ಆಮ್ಲಜನಕ ಹಿಡಿಯುತ್ತದೆ ಅನ್ನುವುದು ಬೇರೆ. ಏಪ್ರಿಲ್‌ನಲ್ಲಿ ಮೇಲಿನ ಮಹಡಿಯ ಮನೆಯಲ್ಲಿ ಟ್ಯಾಂಕ್ 30 ಡಿಗ್ರಿ ದಾಟಿದರೆ ಇನ್ನೂ ಇಳಿಯುತ್ತದೆ. ಇಷ್ಟರ ನಡುವೆ ಕರೆಂಟ್ ಹೋಗಿ ನೀರು ಕಲಕುವ ವೇವ್‌ಮೇಕರ್ ನಿಂತರೆ ಮೀನು ಏನು ಮಾಡಬೇಕು?

ಇದನ್ನು ಪರೀಕ್ಷಿಸುವುದು ಸುಲಭ. ಏರ್‌ಸ್ಟೋನ್ (ಗಾಳಿಗುಳ್ಳೆ ಬಿಡುವ ಕಲ್ಲು) ಹಾಕಿ, ವೇವ್‌ಮೇಕರ್ ಮುಖವನ್ನು ನೀರಿನ ಮೇಲ್ಮೈ ಕಡೆ ತಿರುಗಿಸಿ. ಅರ್ಧ ಗಂಟೆಯಲ್ಲಿ ಉಸಿರು ನಿಧಾನವಾದರೆ ಆಮ್ಲಜನಕದ ಕೊರತೆ ಇದ್ದಿರಬಹುದು. ಮನೆಯ ಇನ್ವರ್ಟರ್‌ಗೆ ಹೀಟರ್ ಸಿಕ್ಕಿಸಬೇಡಿ, ಅದು ಬ್ಯಾಟರಿ ತಿಂದುಹಾಕುತ್ತದೆ. ಒಂದು ವೇವ್‌ಮೇಕರ್ ಓಡಿದರೆ ಸಾಕು. ಕರೆಂಟ್ ಹೋದ ಕೂಡಲೇ ತಾನೇ ಆನ್ ಆಗುವ ಬ್ಯಾಟರಿ ಏರ್ ಪಂಪ್ ಒಂದನ್ನು ಇಟ್ಟುಕೊಳ್ಳಿ. ಈ ಹವ್ಯಾಸದಲ್ಲಿ ಕೊಟ್ಟ ದುಡ್ಡಿಗೆ ಪೂರ್ತಿ ಕೆಲಸ ಮಾಡುವ ವಸ್ತುಗಳು ಕಡಿಮೆ, ಅದರಲ್ಲಿ ಇದೂ ಒಂದು.

ಮುಂದಿನದು ಅಮೋನಿಯಾ. ಇದರ ವಿಷ ಪಿಹೆಚ್ ಮೇಲೆ ನಿಂತಿದೆ. ಪಿಹೆಚ್ 7ರ ನೀರಿನಲ್ಲಿ ಒಟ್ಟು ಅಮೋನಿಯಾದ ಶೇಕಡಾ 1ಕ್ಕಿಂತ ಕಡಿಮೆ ಪಾಲು ಮಾತ್ರ ವಿಷರೂಪದಲ್ಲಿರುತ್ತದೆ. ಮೆರೈನ್ ಟ್ಯಾಂಕಿನ 8.2ರಲ್ಲಿ ಅದು ಹಲವು ಪಟ್ಟು. ಸಿಹಿನೀರಿನಲ್ಲಿ "ಪರವಾಗಿಲ್ಲ" ಅನ್ನಿಸುವ ಓದು ಇಲ್ಲಿ ಅಪಾಯ. ಟೆಸ್ಟ್ ಕಿಟ್‌ನಲ್ಲಿ ಬಣ್ಣ ಹಸಿರಿಗೆ ತಿರುಗಿದ್ದು ಖಚಿತವಾದರೆ ಮೂರನೇ ಒಂದು ಭಾಗ ನೀರು ಬದಲಿಸಿ. ಕಲ್ಲಿನ ಹಿಂದೆ ಸತ್ತ ಬಸವನಹುಳುವೋ ಮೀನೋ ಇದೆಯಾ ಹುಡುಕಿ. ಎರಡು ದಿನ ಊಟ ನಿಲ್ಲಿಸಿ.

ಉಪ್ಪಿನ ಮಟ್ಟ ನೋಡುವಾಗ ಮುಳ್ಳು ಆಡುವ ಪ್ಲಾಸ್ಟಿಕ್ ಹೈಡ್ರೋಮೀಟರ್ ನಂಬಬೇಡಿ. ಮುಳ್ಳಿನ ಮೇಲೆ ಒಂದು ಗಾಳಿಗುಳ್ಳೆ ಕೂತರೂ ಓದು ತಪ್ಪುತ್ತದೆ. ಬೆಳಕು ಬಾಗುವುದರಿಂದ ಉಪ್ಪು ಅಳೆಯುವ ರಿಫ್ರ್ಯಾಕ್ಟೋಮೀಟರ್ ಬೇಕು, ಅದನ್ನೂ 35 ಪಿಪಿಟಿ (ಸಾವಿರಕ್ಕೆ 35 ಪಾಲು ಉಪ್ಪು) ದ್ರಾವಣ ಹಾಕಿ ಸರಿಹೊಂದಿಸಬೇಕು. ಮೀನಿಗೆ ಸ್ಪೆಸಿಫಿಕ್ ಗ್ರಾವಿಟಿ (ಸಾಪೇಕ್ಷ ಸಾಂದ್ರತೆ) 1.020ರಿಂದ 1.026ರವರೆಗೆ ನಡೆಯುತ್ತದೆ. ತೊಂದರೆ ಕೊಡುವುದು ದಿಢೀರ್ ಬದಲಾವಣೆ. ಫೆಬ್ರವರಿಯಿಂದ ಮಳೆ ಬರುವವರೆಗೆ ನಮ್ಮಲ್ಲಿ ಗಾಳಿ ಒಣಗಿರುತ್ತದೆ, ಟ್ಯಾಂಕಿನ ನೀರು ಆರುತ್ತಲೇ ಇರುತ್ತದೆ. ನೀರು ಆರುತ್ತದೆ, ಉಪ್ಪು ಉಳಿಯುತ್ತದೆ. ಒಂದು ವಾರ ಊರಿಗೆ ಹೋಗಿ ಬಂದವರ ಟ್ಯಾಂಕಿನಲ್ಲಿ ಇದೇ ಮೊದಲ ಅನುಮಾನ.

ಇನ್ನು ಆರ್‌ಒ ನೀರು. "ನಾನು ಆರ್‌ಒ ನೀರೇ ಹಾಕೋದು" ಅನ್ನುವವರ ಮನೆಯಲ್ಲಿ ಇರುವುದು ಅಡುಗೆಮನೆಯ ಕುಡಿಯುವ ನೀರಿನ ಯಂತ್ರ. ಕುಡಿಯಲು ರುಚಿ ಬರಲಿ ಅಂತ ಅದು ಖನಿಜವನ್ನು ವಾಪಸ್ ಸೇರಿಸುತ್ತದೆ. ಕೆಲವದರಲ್ಲಿ ಬೋರ್‌ವೆಲ್ ನೀರಿನ ಒಂದು ಪಾಲನ್ನು ಸೋಸದೆಯೇ ಬೆರೆಸುವ ತಿರುಪು ಇರುತ್ತದೆ. ಈಚಿನ ಕೆಲವು ಮಾದರಿಗಳು ಆರೋಗ್ಯಕ್ಕೆ ಒಳ್ಳೆಯದು ಅಂತ ತಾಮ್ರವನ್ನೂ ಸೇರಿಸುತ್ತವೆ! ಸೀಗಡಿ, ಬಸವನಹುಳು, ಹವಳಗಳಿಗೆ ತಾಮ್ರ ವಿಷ. ಸೀಗಡಿ ಮಾತ್ರ ಸಾಯುತ್ತಿದ್ದು ಮೀನು ಚೆನ್ನಾಗಿದ್ದರೆ ಮೊದಲು ಹೋಗಿ ಆ ಯಂತ್ರದ ಮೇಲೆ ಏನು ಬರೆದಿದೆ ಓದಿ. ಟ್ಯಾಂಕಿಗೆ ಬೇಕಾದ್ದು ಉಳಿದ ಲವಣವನ್ನೂ ತೆಗೆಯುವ ಡಿಐ ಕಾರ್ಟ್ರಿಜ್ ದಾಟಿ ಬಂದ, ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್‌ನಲ್ಲಿ 0 ತೋರಿಸುವ ನೀರು. ಟ್ಯಾಂಕರ್ ನೀರು ಬರುವ ಅಪಾರ್ಟ್‌ಮೆಂಟುಗಳಲ್ಲಿ ಮೂಲವೇ ಲೋಡಿಂದ ಲೋಡಿಗೆ ಬದಲಾಗಬಹುದು. ಅಲ್ಲಿ ಕಾರ್ಟ್ರಿಜ್ ಬೇಗ ಮುಗಿಯುತ್ತದೆ, ಮೀಟರ್ ಪ್ರತಿ ಸಲ ನೋಡಬೇಕು.

ಕೋಣೆಯ ಗಾಳಿಯನ್ನೂ ಮರೆಯಬೇಡಿ. ಏರ್ ಪಂಪ್, ಕೊಳೆಯನ್ನು ನೊರೆಯಾಗಿ ತೆಗೆಯುವ ಸ್ಕಿಮ್ಮರ್ ಎರಡೂ ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ಬೆರೆಸುತ್ತವೆ. ಸೊಳ್ಳೆ ಮತ್ತು ಜಿರಳೆ ಔಷಧಿಗಳಲ್ಲಿರುವ ಪೈರೆಥ್ರಾಯ್ಡ್ ಮೀನಿಗೆ ತುಂಬಾ ವಿಷ. ವಿಜಯನಗರದ ಗೆಳೆಯನೊಬ್ಬ ವೆಲ್ವೆಟ್ ರೋಗ (ಕಿವಿರು ಹಾಳುಮಾಡುವ ಪರಾವಲಂಬಿ, ಮುಂದೆ ಬರುತ್ತದೆ) ಅಂತ ಗಾಬರಿಯಾಗಿ ಫೋನ್ ಮಾಡಿದ್ದ. ಮೀನೆಲ್ಲ ಒಂದೇ ಮಧ್ಯಾಹ್ನ ಕೆಟ್ಟಿದ್ದವು. "ಮನೆಯಲ್ಲಿ ಏನಾದ್ರೂ ಹೊಡೆದ್ರೇನೋ?" ಅಂದೆ. "ಇಲ್ಲ ಮಗಾ" ಅಂದ. ಹಿಂದಿನಿಂದ ಅವನ ತಾಯಿಯ ದನಿ: "ಸಿಂಕ್ ಕೆಳಗೆ ಜಿರಳೆಗೆ ಸ್ಪ್ರೇ ಮಾಡಿದ್ದೆ ಕಣಪ್ಪ." ಕಿಟಕಿ ತೆರೆದು, ಹೊಸ ಆಕ್ಟಿವೇಟೆಡ್ ಕಾರ್ಬನ್ ಹಾಕಿ, ಅರ್ಧ ನೀರು ಬದಲಿಸಿದ. ಕ್ಲೌನ್ ಜೋಡಿ ಉಳಿಯಿತು, ಸೀಗಡಿ ಉಳಿಯಲಿಲ್ಲ. ಅಲ್ಲಿ ವೆಲ್ವೆಟ್‌ಗೆ ಹಾಕುವ ತಾಮ್ರದ ಔಷಧಿ ಸುರಿದಿದ್ದರೆ ಎಲ್ಲ ಹೋಗುತ್ತಿತ್ತು.

ತಂದ ದಿನವೇ ಒದ್ದಾಡಿದರೆ

ಹೊರಗಿನಿಂದ ಬರುವ ಮೀನು ಅಂಗಡಿ ಮುಟ್ಟುವ ಹೊತ್ತಿಗೆ ಗಂಟೆಗಟ್ಟಲೆ ಪ್ಲಾಸ್ಟಿಕ್ ಚೀಲದಲ್ಲಿ ಕಳೆದಿರುತ್ತದೆ. ಅದರ ಉಸಿರಿನಿಂದ ಚೀಲದಲ್ಲಿ ಇಂಗಾಲದ ಡೈಆಕ್ಸೈಡ್ ತುಂಬಿ ಪಿಹೆಚ್ ಇಳಿದಿರುತ್ತದೆ. ಹಾಗಾಗಿ ಚೀಲದಲ್ಲಿ ಸೇರಿದ ಅಮೋನಿಯಾ ಅಷ್ಟಾಗಿ ತೊಂದರೆ ಕೊಡುವುದಿಲ್ಲ. ಚೀಲ ಬಿಚ್ಚಿದ ಕೂಡಲೇ ಅನಿಲ ಹೊರಹೋಗಿ ಪಿಹೆಚ್ ಏರುತ್ತದೆ, ಅದೇ ಅಮೋನಿಯಾ ವಿಷವಾಗುತ್ತದೆ. ಆನ್‌ಲೈನ್‌ನಲ್ಲಿ ತರಿಸಿದ ಚೀಲ ಬಿಚ್ಚಿಟ್ಟು ಎರಡು ಗಂಟೆ ಹನಿಹನಿಯಾಗಿ ನೀರು ಬಿಡುವವರು ಮೀನನ್ನು ಅಷ್ಟು ಹೊತ್ತು ವಿಷದಲ್ಲೇ ಇಟ್ಟಂತೆ. ಚೀಲ ತೇಲಿಬಿಟ್ಟು ಬಿಸಿ ಸರಿಹೊಂದಿಸಿ, ಕ್ವಾರಂಟೈನ್ ಟ್ಯಾಂಕಿನ ಉಪ್ಪನ್ನು ಚೀಲದ ನೀರಿಗೆ ಮೊದಲೇ ಸಮ ಮಾಡಿಟ್ಟು, ಬಿಚ್ಚಿದ ಕೂಡಲೇ ಮೀನನ್ನು ಎತ್ತಿ ಹಾಕಿ. ಚೀಲದ ನೀರು ಚೆಲ್ಲಿ. ಶಿವಾಜಿನಗರದ ಅಂಗಡಿಯಿಂದ ಮನೆಗೆ ಅರ್ಧ ಗಂಟೆಯಲ್ಲಿ ತಂದ ಮೀನಿಗೆ ಈ ಗಡಿಬಿಡಿ ಬೇಕಿಲ್ಲ.

"ಅಂಗಡೀಲಿ ಚೆನ್ನಾಗೇ ಇತ್ತಲ್ಲ ಸಾರ್" ಅನ್ನುವುದು ಇನ್ನೊಂದು ಮಾತು. ಕೆಲವು ಅಂಗಡಿಗಳಲ್ಲಿ ಮೀನಿನ ಟ್ಯಾಂಕಿಗೆ ಸದಾ ಸ್ವಲ್ಪ ತಾಮ್ರ ಇರುತ್ತದೆ, ಉಪ್ಪೂ ಕಡಿಮೆ ಇರುತ್ತದೆ. ಅಲ್ಲಿ ಪರಾವಲಂಬಿ ತಲೆ ಎತ್ತುವುದಿಲ್ಲ, ಸಾಯುವುದೂ ಇಲ್ಲ. ನಿಮ್ಮ ಮನೆಯ ಶುದ್ಧ ನೀರಿಗೆ ಬಂದು ಒಂದೆರಡು ವಾರದಲ್ಲಿ ಹೊರಬೀಳುತ್ತದೆ.

ಚುಕ್ಕೆಯಾ, ಧೂಳಾ, ಲೋಳೆಯಾ?

ನೀರು ಸರಿ ಇದೆ, ಕೋಣೆಯಲ್ಲಿ ಏನೂ ಹೊಡೆದಿಲ್ಲ. ಈಗ ರೋಗಕ್ಕೆ ಬನ್ನಿ. ಬೇಗ ಕೊಲ್ಲುವವು ಮೂರು ನಾಲ್ಕು ಅಷ್ಟೇ. ಜನ ಹೆಚ್ಚು ಎಡವುವುದು ಇಚ್ ಮತ್ತು ವೆಲ್ವೆಟ್ ನಡುವೆ.

ಮೆರೈನ್ ಇಚ್ ಮಾಡುವ ಜೀವಿಯ ಹೆಸರು ಕ್ರಿಪ್ಟೊಕ್ಯಾರಿಯಾನ್ ಇರಿಟಾನ್ಸ್. ಪುಡಿ ಉಪ್ಪಿನ ಕಾಳಿನಷ್ಟು ಚುಕ್ಕೆ, ಎಣಿಸಲು ಬರುವಷ್ಟು. ರೆಕ್ಕೆಯಲ್ಲಿ ಚೆನ್ನಾಗಿ ಕಾಣುತ್ತದೆ. ಮೀನು ಕಲ್ಲಿಗೆ ಮೈ ಉಜ್ಜುತ್ತದೆ, ಊಟ ಮಾತ್ರ ಸಾಮಾನ್ಯವಾಗಿ ಮಾಡುತ್ತಿರುತ್ತದೆ. ಇದರ ದೊಡ್ಡ ಗುರುತು ಅಂದರೆ ಚುಕ್ಕೆ ಬರುತ್ತದೆ, ಹೋಗುತ್ತದೆ. ಪರಾವಲಂಬಿ ಮೀನಿನ ಮೈಯಲ್ಲಿ 3ರಿಂದ 7 ದಿನ ಇದ್ದು, ಹೊಟ್ಟೆ ತುಂಬಿದ ಮೇಲೆ ಉದುರುತ್ತದೆ. ತಳದಲ್ಲಿ ಅಂಟಿಕೊಂಡು ಗಟ್ಟಿ ಕೋಶ ಕಟ್ಟಿಕೊಳ್ಳುತ್ತದೆ. ಒಳಗೆ ನೂರಾರು ಮರಿಗಳಾಗಿ ಒಡೆದು, ಹೆಚ್ಚಾಗಿ 3ರಿಂದ 28 ದಿನದೊಳಗೆ ಹೊರಬರುತ್ತದೆ. ಆ ಮರಿಗಳಿಗೆ ಒಂದೆರಡು ದಿನದಲ್ಲಿ ಮೀನು ಸಿಗದಿದ್ದರೆ ಸಾಯುತ್ತವೆ. ಚುಕ್ಕೆ ಮಾಯವಾದಾಗ "ಬೆಳ್ಳುಳ್ಳಿ ಹಾಕಿದ್ದೆ, ವಾಸಿಯಾಯ್ತು" ಅಂತ ಖುಷಿಪಡುವುದು ಈ ಉದುರಿದ ಹಂತದಲ್ಲೇ. ಮುಂದಿನ ಸುತ್ತಿನಲ್ಲಿ ಹೆಚ್ಚು ಚುಕ್ಕೆ ಬರುತ್ತವೆ.

ವೆಲ್ವೆಟ್, ಅಂದರೆ ಅಮೈಲೂಡಿನಿಯಂ ಒಸಿಲೇಟಮ್, ಬೇರೆಯೇ ಕಥೆ. ಎಣಿಸಲು ಆಗದಷ್ಟು ಸಣ್ಣ ಕಣಗಳು, ತಿಳಿ ಹೊಂಬಣ್ಣದ ಧೂಳು. ಓರೆ ಟಾರ್ಚ್ ಇಲ್ಲದೆ ಕಾಣುವುದೇ ಇಲ್ಲ. ಎಷ್ಟೋ ಸಲ ಮೈಯಲ್ಲಿ ಏನೂ ಕಾಣುವ ಮುಂಚೆಯೇ ಕಿವಿರು ಹಾಳಾಗಿರುತ್ತದೆ. ಮೀನು ಊಟ ಬಿಡುತ್ತದೆ, ಬೆಳಕಿಗೆ ಬರುವುದಿಲ್ಲ, ಪವರ್‌ಹೆಡ್ ಮುಂದೆ ನಿಂತು ಏದುಸಿರು ಬಿಡುತ್ತದೆ. ಈ ಹಂತಕ್ಕೆ ಬಂದ ಮೇಲೆ ಒಂದೆರಡು ದಿನದಲ್ಲೇ ಸಾಯಬಹುದು. ಚುಕ್ಕೆ ಇಲ್ಲ, ಅಮೋನಿಯಾ ಇಲ್ಲ, ಹೊಸ ಮೀನು ಬಂದು ಒಂದೆರಡು ವಾರವಾಗಿದೆ, ಉಸಿರು ಮಾತ್ರ ಜೋರು. ಹಾಗಿದ್ದರೆ ನಾನು ವೆಲ್ವೆಟ್ ಅಂತಲೇ ತಿಳಿದು ಕೆಲಸ ಶುರು ಮಾಡುತ್ತೇನೆ. ವೆಲ್ವೆಟ್‌ನ ಚಿಕಿತ್ಸೆ ಇಚ್ ಅನ್ನೂ ಕೊಲ್ಲುತ್ತದೆ. ಇಚ್‌ಗೆ ಮಾಡುವ ಎಲ್ಲ ಚಿಕಿತ್ಸೆ ವೆಲ್ವೆಟ್‌ಗೆ ನಾಟುವುದಿಲ್ಲ.

ಕ್ಲೌನ್ ಮೀನಿನ ಮೈಯಿಂದ ಬಿಳಿ ಲೋಳೆ ಎಳೆಎಳೆಯಾಗಿ ಜೋತಾಡುತ್ತಿದ್ದು, ಬಣ್ಣ ಮಾಸಿ, ಉಸಿರೂ ಜೋರಾಗಿದ್ದರೆ ಅದು ಬ್ರೂಕ್ಲಿನೆಲ್ಲಾ ಅನ್ನುವ ಪರಾವಲಂಬಿ. ಇದು ಮೀನಿನ ಮೈಯಲ್ಲೇ ಒಡೆದು ಹೆಚ್ಚುತ್ತದೆ, ತಳಕ್ಕೆ ಇಳಿದು ಬರುವ ಬಿಡುವು ಕೊಡುವುದಿಲ್ಲ. ಸಮುದ್ರದಲ್ಲಿ ಹಿಡಿದು ತಂದ ಕ್ಲೌನ್‌ಗಳಲ್ಲೇ ಹೆಚ್ಚು ಕಾಣುವುದು. ನಮ್ಮ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಕ್ಲೌನ್‌ಗಳನ್ನು ಹ್ಯಾಚರಿಯಲ್ಲಿ ಮರಿ ಮಾಡಿಸುವ ವಿಧಾನ ರೂಪಿಸಿ ವರ್ಷಗಳೇ ಆಗಿವೆ. ಸಾಕಿದ ಮೀನು ಸಿಗುವಾಗ ಹಿಡಿದದ್ದನ್ನು ಯಾಕೆ ಕೊಳ್ಳಬೇಕು ಅನ್ನುವುದು ನನ್ನ ಮೊಂಡು ಪ್ರಶ್ನೆ.

ನಾಲ್ಕನೆಯದು ಫ್ಲೂಕ್, ಚಪ್ಪಟೆ ಹುಳು. ಕಣ್ಣು ಮಂಜಾಗುತ್ತದೆ, ಮೀನು ತಲೆ ಕೊಡವುತ್ತದೆ, ಆಕಳಿಸುತ್ತದೆ. ಏಂಜೆಲ್‌ಗಳಲ್ಲಿ ಜಾಸ್ತಿ. ಹುಳು ಪಾರದರ್ಶಕ, ಬರಿಗಣ್ಣಿಗೆ ಕಾಣುವುದಿಲ್ಲ. ಇದನ್ನು ಹಿಡಿಯಲು ಸಿಹಿನೀರಿನ ಸ್ನಾನ ಒಳ್ಳೆಯ ಉಪಾಯ. ಕಪ್ಪು ಬಣ್ಣದ ಟಬ್‌ನಲ್ಲಿ ಆರ್‌ಒ ನೀರು ತೆಗೆದುಕೊಂಡು, ಟ್ಯಾಂಕಿನಷ್ಟೇ ಬಿಸಿ ಮಾಡಿ, ಅಡುಗೆ ಸೋಡಾ ಹಾಕಿ ಪಿಹೆಚ್ 8.2ಕ್ಕೆ ತನ್ನಿ. ಏರ್‌ಸ್ಟೋನ್ ಓಡುತ್ತಿರಲಿ. ಮೀನನ್ನು 5 ನಿಮಿಷ ಇಡಿ. ಫ್ಲೂಕ್ ಇದ್ದರೆ ಬೆಳ್ಳಗಾಗಿ ಕೆಲವು ಮಿಲಿಮೀಟರ್ ಉದ್ದದ ಚೂರುಗಳಾಗಿ ತಳಕ್ಕೆ ಬೀಳುತ್ತವೆ. ಮೀನು ಮಗ್ಗುಲಾಗಿ ಮಲಗುವುದು ಈ ಸ್ನಾನದಲ್ಲಿ ಸಾಮಾನ್ಯ. ಉಸಿರು ನಿಂತುನಿಂತು ಬಂದರೆ ಕೂಡಲೇ ತೆಗೆಯಿರಿ.

ರೆಕ್ಕೆಯ ಅಂಚಿನಲ್ಲಿ ಹೂಕೋಸಿನಂಥ ಬಿಳಿ ಗಂಟು ಬಂದು, ವಾರಗಟ್ಟಲೆ ಅದೇ ಜಾಗದಲ್ಲಿದ್ದರೆ ಅದು ಲಿಂಫೋಸಿಸ್ಟಿಸ್, ವೈರಸ್. ಔಷಧಿ ಇಲ್ಲ, ಬೇಕಾಗಿಯೂ ಇಲ್ಲ. ಚೆನ್ನಾಗಿ ತಿನ್ನಿಸಿ, ತಾನೇ ಹೋಗುತ್ತದೆ. ಕ್ರೋಮಿಸ್ ಮೀನಿನ ಪಕ್ಕೆಯಲ್ಲಿ ಕೆಂಪು ಹುಣ್ಣು ಕಂಡರೆ ಯುರೊನೀಮಾ ಅನ್ನುವ ಪರಾವಲಂಬಿ ಇರಬಹುದು. ಅದು ಮಾಂಸದೊಳಕ್ಕೆ ಇಳಿದಿರುತ್ತದೆ, ಉಳಿಯುವುದು ಅಪರೂಪ. ಒಂದೇ ಕಣ್ಣು ಊದಿದ್ದರೆ ಹೆಚ್ಚಾಗಿ ಪೆಟ್ಟು. ಎರಡೂ ಊದಿದ್ದರೆ ಹೆಚ್ಚಾಗಿ ಒಳಗಿನ ಸೋಂಕು.

ಶಾಲಾ ಮಕ್ಕಳ ಮೈಕ್ರೋಸ್ಕೋಪ್ ಇದ್ದರೆ ಅನುಮಾನ ಇನ್ನೂ ಬೇಗ ಬಗೆಹರಿಯುತ್ತದೆ. ಈಗ ತಾನೇ ಸತ್ತ ಮೀನಿನ ಕಿವಿರಿನ ತುಣುಕು, ಒಂದು ಹನಿ ಟ್ಯಾಂಕಿನ ನೀರು, 100 ಪಟ್ಟು ಸಾಕು. ನಿಧಾನವಾಗಿ ಉರುಳುವ ಕಪ್ಪು ಉಂಡೆ ಇಚ್. ಅಲ್ಲಾಡದೆ ಅಂಟಿಕೊಂಡ ಕಂದು ಬಣ್ಣದ ಕಾಯಿಯಂಥದ್ದು ವೆಲ್ವೆಟ್. ಹೆಣವನ್ನು ಫ್ರಿಜ್ಜಿನಲ್ಲಿಟ್ಟು ನಾಳೆ ನೋಡುತ್ತೇನೆ ಅಂದರೆ ಏನೂ ಸಿಗುವುದಿಲ್ಲ.

ಚಿಕಿತ್ಸೆಗೆ ಬೇರೆ ಟಬ್

ಮುಖ್ಯ ಟ್ಯಾಂಕಿಗೆ ಔಷಧಿ ಹಾಕಬೇಡಿ. ತಾಮ್ರವನ್ನು ಕಲ್ಲು, ಮರಳು ಹೀರಿಕೊಳ್ಳುತ್ತವೆ. ಹಾಗಾಗಿ ಮೀನಿಗೆ ಬೇಕಾದ ಮಟ್ಟ ನಿಲ್ಲುವುದಿಲ್ಲ, ಹವಳ ಸೀಗಡಿ ಸಾಯುತ್ತವೆ. ಮುಚ್ಚಳ ಇರುವ 50 ಲೀಟರಿನ ಪ್ಲಾಸ್ಟಿಕ್ ಡಬ್ಬ, ಸ್ಪಾಂಜ್ ಫಿಲ್ಟರ್, ಏರ್‌ಸ್ಟೋನ್, ಹೀಟರ್, ಮೀನು ಅಡಗಲು ಪ್ಲಂಬಿಂಗ್ ಅಂಗಡಿಯ ಪಿವಿಸಿ ಎಲ್ಬೋ. ಇಷ್ಟೇ. ಡಿಸೆಂಬರ್ ಜನವರಿಯಲ್ಲಿ ನಮ್ಮ ರಾತ್ರಿ 15 ಡಿಗ್ರಿ ಹತ್ತಿರ ಇಳಿಯುತ್ತದೆ, ಸಣ್ಣ ಟಬ್ ಬೇಗ ತಣ್ಣಗಾಗುತ್ತದೆ. ಹೀಟರ್ ಬೇಡ ಅಂದುಕೊಳ್ಳಬೇಡಿ. ಟಬ್ಬನ್ನು ಮುಖ್ಯ ಟ್ಯಾಂಕಿನಿಂದ 10 ಅಡಿಯಾದರೂ ದೂರ ಇಡಿ. ಗುಳ್ಳೆ ಒಡೆದಾಗ ಹಾರುವ ಹನಿಯಲ್ಲೂ ವೆಲ್ವೆಟ್ ಸಾಗುತ್ತದೆ. ಬಲೆ, ಪೈಪು, ಟವಲ್ ಎಲ್ಲ ಬೇರೆ ಬೇರೆ. ದಿನವೂ ಅಮೋನಿಯಾ ನೋಡಿ, ಬೇಕಾದಾಗ ನೀರು ಬದಲಿಸಿ.

ಯಾವುದಕ್ಕೆ ಏನು

ವೆಲ್ವೆಟ್ ಅನುಮಾನ ಇದ್ದರೆ ಮೊದಲು ಮೀನಿನ ಮೇಲಿರುವ ಪರಾವಲಂಬಿಗಳ ಹೊರೆ ಇಳಿಸಬೇಕು. ಮೇಲೆ ಹೇಳಿದ ಸಿಹಿನೀರಿನ ಸ್ನಾನ ಸ್ವಲ್ಪ ಉಪಶಮನ ಕೊಡುತ್ತದೆ. ಹೈಡ್ರೋಜನ್ ಪೆರಾಕ್ಸೈಡ್ ಸ್ನಾನ ಇನ್ನೂ ಪರಿಣಾಮಕಾರಿ: ಲೀಟರಿಗೆ 75 ಮಿಲಿಗ್ರಾಂ, 30 ನಿಮಿಷ, ಜೋರು ಗಾಳಿ. ಇಲ್ಲೊಂದು ಎಚ್ಚರ. ಅಮೆರಿಕದವರು ಬರೆದ ಲೆಕ್ಕವೆಲ್ಲ ಶೇಕಡಾ 3ರ ಬಾಟಲಿಗೆ. ನಮ್ಮ ಮೆಡಿಕಲ್ ಶಾಪಿನಲ್ಲಿ ಸಾಮಾನ್ಯವಾಗಿ ಸಿಗುವುದು ಶೇಕಡಾ 6ರದ್ದು. ಅದೇ ಲೆಕ್ಕ ಹಾಕಿದರೆ ಎರಡು ಪಟ್ಟು ಆಗುತ್ತದೆ. ಶೇಕಡಾ 6ರದ್ದಾದರೆ ಲೀಟರಿಗೆ 1.25 ಮಿ.ಲೀ. ಮಾತ್ರ. ಸಿರಿಂಜಿನಲ್ಲಿ ಅಳೆಯಿರಿ, ಮುಚ್ಚಳದಲ್ಲಿ ಅಲ್ಲ. ಮೀನಿನ ಪಕ್ಕದಲ್ಲೇ ಇರಿ.

ಸ್ನಾನದಿಂದ ನೇರ ತಾಮ್ರದ ಟಬ್‌ಗೆ. ಕೀಲೇಟೆಡ್ (ಬೇರೆ ಅಣುವಿಗೆ ಕಟ್ಟಿದ) ತಾಮ್ರವಾದರೆ ತಯಾರಕರು ಹೇಳಿದ ಮಟ್ಟ, ಹೆಚ್ಚಾಗಿ 2ರಿಂದ 2.5 ಪಿಪಿಎಂ (ಲೀಟರಿಗೆ ಅಷ್ಟು ಮಿಲಿಗ್ರಾಂ). ಐಯಾನಿಕ್ (ಹೀಗೆ ಕಟ್ಟದ, ಬಿಡಿ) ತಾಮ್ರವಾದರೆ 0.15ರಿಂದ 0.20 ಪಿಪಿಎಂ. ಈ ಎರಡು ಸಂಖ್ಯೆ ಅದಲುಬದಲಾದರೆ ಮೀನು ಸತ್ತಂತೆಯೇ. ಹೊಂದುವ ಟೆಸ್ಟ್ ಕಿಟ್ ಇಲ್ಲದೆ ತಾಮ್ರಕ್ಕೆ ಕೈ ಹಾಕಲೇಬೇಡಿ. ಮಟ್ಟ ಒಂದು ದಿನ ಇಳಿದರೂ ಲೆಕ್ಕ ಮೊದಲಿಂದ. ಅದೇ ಟಬ್‌ನಲ್ಲಿ 30 ದಿನ ಇಡಬೇಕು. ಊರಿನ ತೋಟದವರು ಬೋರ್ಡೋ ದ್ರಾವಣಕ್ಕೆ ಬಳಸುವ ಮೈಲುತುತ್ತವೂ ತಾಮ್ರವೇ ಅಲ್ವಾ ಅಂತ ಕೇಳುವವರಿದ್ದಾರೆ. ತಾಮ್ರ ಹೌದು, ಆದರೆ ತೋಟದ ದರ್ಜೆಯದರಲ್ಲಿ ಬೇರೇನಿದೆ ಅಂತ ಚೀಲದ ಮೇಲೆ ಬರೆದಿರುವುದಿಲ್ಲ. ಬೇಡ. ತಾಮ್ರ ಇರುವ ನೀರಿಗೆ ಅಮೋನಿಯಾ ಕಟ್ಟಿಹಾಕುವ ದ್ರಾವಣವನ್ನೂ ಸೇರಿಸಬೇಡಿ, ತಾಮ್ರದ ವಿಷ ಹೆಚ್ಚುತ್ತದೆ. ಪಫರ್, ಮ್ಯಾಂಡರಿನ್‌ನಂಥ ಹುರುಪೆ ಇಲ್ಲದ ಮೀನುಗಳಿಗೆ ತಾಮ್ರ ತಡೆಯುವುದು ಕಷ್ಟ.

ಬರೀ ಇಚ್ ಅಂತ ಖಚಿತವಾಗಿ, ಉಸಿರೂ ಚೆನ್ನಾಗಿದ್ದರೆ ನಾನು ಔಷಧಿಯೇ ಬಳಸುವುದಿಲ್ಲ. ಎರಡು ಡಬ್ಬ ಇಟ್ಟುಕೊಂಡು ಮೂರು ದಿನಕ್ಕೊಮ್ಮೆ ಮೀನನ್ನು ಹೊಸ ನೀರಿಗೆ ದಾಟಿಸುತ್ತೇನೆ. ಒಟ್ಟು ನಾಲ್ಕು ದಾಟಿಸುವಿಕೆ, 12 ದಿನ. ಉದುರಿದ ಪರಾವಲಂಬಿ ಮರಿ ಮಾಡಲು ಕನಿಷ್ಠ ಮೂರು ದಿನ ಬೇಕು, ಅಷ್ಟರಲ್ಲಿ ಮೀನು ಬೇರೆ ಕಡೆ ಹೋಗಿರುತ್ತದೆ. ಖಾಲಿಯಾದ ಡಬ್ಬ, ಸ್ಪಾಂಜ್, ಪೈಪು ಎಲ್ಲವನ್ನೂ ತೊಳೆದು ಟೆರೇಸಿನ ಬಿಸಿಲಲ್ಲಿ ಕರಕರ ಒಣಗಿಸಬೇಕು. ಮಳೆಗಾಲದಲ್ಲಿ ಒಣಗದಿದ್ದರೆ ಬ್ಲೀಚ್ ಹಾಕಿ ತೊಳೆಯಿರಿ. ಉಪ್ಪಿನ ಖರ್ಚು ಆಗುತ್ತದೆ, ನಿಜ. ಉಪ್ಪನ್ನು 1.009ಕ್ಕೆ ಇಳಿಸಿ ನಾಲ್ಕು ವಾರ ಇಡುವ ವಿಧಾನವೂ ಇದೆ. ಅದಕ್ಕೆ ರಿಫ್ರ್ಯಾಕ್ಟೋಮೀಟರ್ ಕರಾರುವಾಕ್ಕಾಗಿರಬೇಕು, 1.011 ಆದರೂ ನಂಬಿಕೆ ಇಡುವಂತಿಲ್ಲ. ವಾಪಸ್ ಏರಿಸುವುದನ್ನು ಹಲವು ದಿನಗಳಲ್ಲಿ ನಿಧಾನವಾಗಿ ಮಾಡಬೇಕು. ವೆಲ್ವೆಟ್‌ಗೆ ಈ ಎರಡೂ ನಾಟುವುದಿಲ್ಲ.

ಬ್ರೂಕ್ಲಿನೆಲ್ಲಾಗೆ ಫಾರ್ಮಲಿನ್. 37 ಪರ್ಸೆಂಟಿನ ದ್ರಾವಣ 10 ಲೀಟರಿಗೆ 1.5ರಿಂದ 2 ಮಿ.ಲೀ., ಸುಮಾರು 45 ನಿಮಿಷ, ಏರ್‌ಸ್ಟೋನ್ ಜೋರಾಗಿ. ದಿನ ಬಿಟ್ಟು ದಿನ ಮತ್ತೆ, ಪ್ರತಿ ಸಲ ಹೊಸ ನೀರಿನ ಟಬ್‌ಗೆ. ಬಾಟಲಿಯ ತಳದಲ್ಲಿ ಬಿಳಿ ಗಸಿ ಕೂತಿದ್ದರೆ ಬಳಸಬೇಡಿ, ಅದು ಮೀನಿಗೆ ಇನ್ನೂ ವಿಷ. ಫಾರ್ಮಲಿನ್ ಮನುಷ್ಯರಿಗೂ ಕ್ಯಾನ್ಸರ್ ತರುವ ವಸ್ತು. ಬಾಲ್ಕನಿಯಲ್ಲಿ, ಗ್ಲವ್ಸ್ ಹಾಕಿ, ಮಕ್ಕಳನ್ನು ದೂರವಿಟ್ಟು ಮಾಡಿ. ಅಡುಗೆಮನೆಯಲ್ಲಂತೂ ಬೇಡವೇ ಬೇಡ.

ಫ್ಲೂಕ್‌ಗೆ ಪ್ರಾಜಿಕ್ವಾಂಟೆಲ್, ಲೀಟರಿಗೆ 2.5 ಮಿಲಿಗ್ರಾಂ. ಮೊಟ್ಟೆಗೆ ಔಷಧಿ ನಾಟುವುದಿಲ್ಲ, ಹಾಗಾಗಿ ವಾರದೊಳಗೆ ಇನ್ನೊಂದು ಸಲ. ನಾಯಿಗೆ ಕೊಡುವ ಜಂತುಹುಳದ ಮಾತ್ರೆಯಲ್ಲೂ ಇದು ಇರುತ್ತದೆ, ಆದರೆ ಜೊತೆಗೆ ಬೇರೆ ಔಷಧಿಗಳೂ ಬೆರೆತಿರುತ್ತವೆ. ಪಶುವೈದ್ಯರನ್ನು ಕೇಳಿ ಒಂಟಿ ಔಷಧಿಯನ್ನೇ ತೆಗೆದುಕೊಳ್ಳಿ. ಆಂಟಿಬಯೋಟಿಕ್ ವಿಷಯದಲ್ಲೂ ಅಷ್ಟೇ. ಹುಣ್ಣು ಕಂಡ ಕೂಡಲೇ ಮನೆಯಲ್ಲಿ ಉಳಿದ ಕ್ಯಾಪ್ಸೂಲ್ ಬಿಚ್ಚಿ ಹಾಕುವುದು ಚಿಕಿತ್ಸೆಯಲ್ಲ.

ಅಂಗಡಿಯಲ್ಲಿ "ಸಾರ್, ಹವಳಕ್ಕೂ ಏನೂ ಆಗಲ್ಲ, ಇದೊಂದು ಹಾಕಿ" ಅಂತ ಕೊಡುವ ಬಾಟಲಿ ಬಗ್ಗೆ ಎರಡು ಮಾತು. ಹವಳ, ಸೀಗಡಿ, ಬ್ಯಾಕ್ಟೀರಿಯಾ ಯಾವುದಕ್ಕೂ ಏನೂ ಮಾಡದ ಔಷಧಿ ಪರಾವಲಂಬಿಗೂ ಹೆಚ್ಚೇನೂ ಮಾಡುವುದಿಲ್ಲ. ಯುವಿ ದೀಪ ನೀರಿನಲ್ಲಿ ಈಜುವ ಮರಿಗಳಲ್ಲಿ ಕೆಲವನ್ನು ಕೊಲ್ಲುತ್ತದೆ, ಮೀನಿನ ಮೇಲಿರುವುದನ್ನು ಅಲ್ಲ. ಬೆಳ್ಳುಳ್ಳಿ ಊಟದ ಆಸೆ ಹುಟ್ಟಿಸಬಹುದು. ಅಷ್ಟಕ್ಕೇ ಬಳಸಿ.

ಖಾಲಿ ಟ್ಯಾಂಕ್

ಮೀನು ಟಬ್‌ನಲ್ಲಿ ವಾಸಿಯಾಗುತ್ತಿರುವಾಗ ಮುಖ್ಯ ಟ್ಯಾಂಕಿನಲ್ಲಿ ಒಂದೂ ಮೀನು ಇರಬಾರದು. ಚುಕ್ಕೆ ಇಲ್ಲದ ಮೀನನ್ನೂ ಹೊರಗೆ ತೆಗೆಯಿರಿ. ಅದೊಂದಿದ್ದರೂ ಪರಾವಲಂಬಿಗೆ ಊಟ ಸಿಕ್ಕಂತೆ. ಸೀಗಡಿ, ಬಸವನಹುಳು, ಹವಳ ಅಲ್ಲೇ ಇರಲಿ. ಇಚ್‌ನ ಕೋಶ 72 ದಿನ ಕಳೆದ ಮೇಲೂ ಒಡೆದ ಉದಾಹರಣೆ ಇರುವುದರಿಂದ ಹಳೆಯ ಹವ್ಯಾಸಿಗಳು 76 ದಿನ ಕಾಯುತ್ತಾರೆ. ನೀರು 27 ಡಿಗ್ರಿ ಇದ್ದರೆ ಕೋಶಗಳು ಬೇಗ ಒಡೆಯುತ್ತವೆ, 45 ದಿನ ಸಾಕು ಅನ್ನುವವರೂ ಇದ್ದಾರೆ. ನಾನು 76ರ ಪಕ್ಷ. ಮಕ್ಕಳು ದಿನಾ "ಮೀನು ಯಾವಾಗ ಬರತ್ತೆ?" ಅಂತ ಕೇಳುತ್ತಾರೆ, ಕೇಳಲಿ. ಆ ದಿನಗಳಲ್ಲಿ ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾ ಹಸಿದು ಸಾಯದಂತೆ ಚಿಟಿಕೆ ಊಟ ಹಾಕುತ್ತಿರಿ. ಹೊಸ ಹವಳವನ್ನೋ ಕಲ್ಲನ್ನೋ ತಂದು ಹಾಕಿದರೆ ಅದರ ಮೇಲೂ ಕೋಶ ಅಂಟಿರಬಹುದು, ಎಣಿಕೆ ಮತ್ತೆ ಒಂದರಿಂದ.

ಟ್ಯಾಂಕಿನೊಳಗೆ ಕೈ ಹಾಕುವಾಗ ಬೆರಳಿಗೆ ಗಾಯವಿದ್ದರೆ ಗ್ಲವ್ಸ್ ಹಾಕಿ. ಮೀನಿನ ಮೈಕೋಬ್ಯಾಕ್ಟೀರಿಯಾ ನಮ್ಮ ಚರ್ಮಕ್ಕೂ ಅಂಟುತ್ತದೆ. ತಿಂಗಳಾದರೂ ಆರದ ಗಂಟು ಬೆರಳಿನಲ್ಲಿ ಕಂಡರೆ ಚರ್ಮದ ಡಾಕ್ಟರಿಗೆ ಟ್ಯಾಂಕ್ ಇರುವ ವಿಷಯ ಮರೆಯದೆ ಹೇಳಿ. ಹೇಳದಿದ್ದರೆ ಅವರಿಗೆ ಅದು ಹೊಳೆಯುವುದು ಕಷ್ಟ. ಇನ್ನು ತಾಮ್ರ ಹಾಕಿದ ಡಬ್ಬ, ಸ್ಪಾಂಜ್, ಪೈಪುಗಳ ಮೇಲೆ ಮಾರ್ಕರ್‌ನಲ್ಲಿ "ತಾಮ್ರ" ಅಂತ ದೊಡ್ಡದಾಗಿ ಬರೆದಿಡಿ. ಮುಂದಿನ ವರ್ಷ ಸೀಗಡಿ ತಂದಾಗ ಅದೇ ಡಬ್ಬಕ್ಕೆ ಕೈ ಹೋಗಬಾರದು.